ಬೀಪ್ ಅನ್ನುವ ಮೊಟ್ಟೆಯ ಬೆನ್ನು ಬಿಚ್ಚಿದಾಗ

ದೀಪಾವಳಿ ರಜೆಗೆ ಅಣ್ಣನ ಮಗಳು ಹಾಸನದಿಂದ ನಮ್ಮನೆಗೆ ಬಂದಿದ್ದಳು. ಎಂಟು ವರ್ಷ. ಬ್ಯಾಗಿನಲ್ಲಿ ಮೂರು ಜೊತೆ ಬಟ್ಟೆ, ಬಣ್ಣದ ಪೆನ್ಸಿಲ್ ಡಬ್ಬಿ. ಕೊರಳಲ್ಲಿ ಒಂದು ದಾರ, ದಾರದ ತುದಿಯಲ್ಲಿ ನೇರಳೆ ಬಣ್ಣದ ಪ್ಲಾಸ್ಟಿಕ್ ಮೊಟ್ಟೆ. ಒಳಗೆ ಒಂದು ಮರಿ ಇದೆ, ಅದಕ್ಕೆ ಹೊತ್ತು ಹೊತ್ತಿಗೆ ಊಟ ಹಾಕಬೇಕು, ಆಡಿಸಬೇಕು, ಗಲೀಜು ತೆಗೆಯಬೇಕು, ದೀಪ ಆರಿಸಿ ಮಲಗಿಸಬೇಕು. ಮರೆತರೆ ಬೀಪ್ ಬೀಪ್ ಅಂತ ಕೂಗುತ್ತದೆ. ಆಮೇಲೂ ಮರೆತರೆ ಸಾಯುತ್ತದೆ. ಸಂತೆಯಲ್ಲೂ ಆನ್‌ಲೈನಿನಲ್ಲೂ ಸಿಗುವ, ತಮಾಗೋಚಿ ಅನ್ನುವ ಜಪಾನಿ ಆಟಿಕೆಯ ಅಗ್ಗದ ನಕಲು ಅದು, ಒಂದರಲ್ಲೇ 168 ಪ್ರಾಣಿ ಅಂತ ಡಬ್ಬಿಯ ಮೇಲೆ ಬರೆದಿರುತ್ತದಲ್ಲ, ಅದೇ.

ಬಂದ ಎರಡನೇ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಕೊರಳಿನಿಂದ ದಾರ ತೆಗೆದು ನನ್ನ ಕೈಗೆ ಕೊಟ್ಟಳು. "ಅತ್ತೆ, ನೋಡು, ಇವನು ಮಸುಕಾಗ್ತಾ ಇದಾನೆ."

ನೋಡಿದರೆ ಪರದೆಯ ಚುಕ್ಕೆಗಳೆಲ್ಲ ತೆಳ್ಳಗಾಗಿದ್ದವು. ಬೀಪ್ ಸದ್ದು ಗಂಟಲು ಕಟ್ಟಿದವರ ಹಾಗೆ ಬರುತ್ತಿತ್ತು. ಬಟನ್ ಸೆಲ್ ಮುಗಿಯುತ್ತಾ ಬಂದಿತ್ತು, ಅಷ್ಟೇ. ಸೆಲ್ ಬದಲಿಸಿದರೆ ಆಯಿತು, ಅಲ್ವಾ? ತೊಡಕು ಇರುವುದೇ ಅಲ್ಲಿ. ಇಂಥ ಆಟಿಕೆಯಲ್ಲಿ ನೆನಪು ಉಳಿಯುವುದು ಕರೆಂಟ್ ಇರುವ ತನಕ ಮಾತ್ರ. ಸೆಲ್ ತೆಗೆದರೆ ಮರಿಯೂ ಹೋಯಿತು, ಹೊಸ ಸೆಲ್ ಹಾಕಿದಾಗ ಹೊಸ ಮೊಟ್ಟೆ. ಪುಟ್ಟಿಗೆ ಅದು ಗೊತ್ತಿತ್ತು. "ಹದಿನೇಳು ದಿನ ಆಗಿದೆ ಅವನಿಗೆ, ಬದಲಾಯಿಸಿದ್ರೆ ಹೋಗ್ಬಿಡ್ತಾನೆ ಅಂತ ಅಪ್ಪ ಹೇಳಿದ್ರು" ಅಂದಳು. ಅನ್ನ ಕಲಸಿದ ಕೈ ಹಾಗೇ ನಿಂತಿತ್ತು.

ಅಪ್ಪ ಅಂದರೆ ನಮ್ಮಣ್ಣ. ಅವನಿಗೆ ಇದು ಗೊತ್ತಾಗಿದ್ದು ನನ್ನಿಂದಲೇ. ಆ ಕತೆಗೆ ಆಮೇಲೆ ಬರುತ್ತೇನೆ.

ಊಟ ಮುಗಿಸಿ ನನ್ನ ಕೆಲಸದ ಮೇಜಿಗೆ ಹೋದೆವು. ಮೊಟ್ಟೆಯ ಬೆನ್ನಿನಲ್ಲಿ ಸಣ್ಣ ಸ್ಕ್ರೂಗಳು. ವಾಚ್ ರಿಪೇರಿಯ ಸ್ಕ್ರೂಡ್ರೈವರ್ ಇಲ್ಲದೆ ಇವಕ್ಕೆ ಕೈ ಹಾಕಬಾರದು. ಚಾಕುವಿನ ತುದಿಯಿಂದ ತಿರುಗಿಸಲು ಹೋದರೆ ತಲೆಯ ಗೆರೆ ಸವೆದು ಸ್ಕ್ರೂ ಅಲ್ಲೇ ಕೂತುಬಿಡುತ್ತದೆ, ಆಮೇಲೆ ಬಿಚ್ಚುವುದೇ ಇಲ್ಲ. ಹಿಂದಿನ ಮುಚ್ಚಳ ತೆಗೆದೆ. ಎರಡು ಎಲ್‌ಆರ್44 ಸೆಲ್, ಒಂದರ ಪಕ್ಕ ಒಂದು. ತಲಾ ಒಂದೂವರೆ ವೋಲ್ಟ್, ಸರಣಿಯಲ್ಲಿ ಸೇರಿ 3 ವೋಲ್ಟ್. ಮಲ್ಟಿಮೀಟರ್ ಇಟ್ಟರೆ 2.3 ತೋರಿಸಿತು. ಇನ್ನು ಜಾಸ್ತಿ ಹೊತ್ತಿಲ್ಲ.

ಉಪಾಯ ಇದು. ಎರಡು ಪೆನ್ಸಿಲ್ ಸೆಲ್ ಒಂದು ಹೋಲ್ಡರಿನಲ್ಲಿ ಹಾಕಿದರೆ ಅದೂ 3 ವೋಲ್ಟೇ. ಅದರ ಕೆಂಪು ತಂತಿಯನ್ನು ಆಟಿಕೆಯ ಪ್ಲಸ್ ತಗಡಿಗೆ, ಕಪ್ಪು ತಂತಿಯನ್ನು ಮೈನಸ್ ಸ್ಪ್ರಿಂಗಿಗೆ ಸಣ್ಣ ಕ್ರೊಕೊಡೈಲ್ ಕ್ಲಿಪ್ಪಿನಲ್ಲಿ ಕಚ್ಚಿಸಬೇಕು. ಈಗ ಮರಿಗೆ ಎರಡು ಕಡೆಯಿಂದ ಕರೆಂಟ್. ಹಳೆ ಸೆಲ್ ತೆಗೆ, ಹೊಸದು ಹಾಕು, ಕ್ಲಿಪ್ ಬಿಡಿಸು. ಪ್ಲಸ್ ಮೈನಸ್ ಅದಲು ಬದಲಾದರೆ ಒಳಗಿನ ಎಲೆಕ್ಟ್ರಾನಿಕ್ ಚಿಪ್ಪೇ ಸುಟ್ಟುಹೋಗಬಹುದು. ಕ್ಲಿಪ್ಪಿನ ಹಲ್ಲು ಜಾರಿ ಎರಡೂ ತಗಡಿಗೆ ತಾಗಿದರೂ ಮುಗಿಯಿತು, ಒಂದು ಕ್ಷಣದ ಶಾರ್ಟ್ ಸಾಕು, ಹದಿನೇಳು ದಿನ ಹೋಗುತ್ತದೆ. ಪುಟ್ಟಿ ಎರಡೂ ಕೈಯಿಂದ ಮೊಟ್ಟೆಯನ್ನು ಹಿಡಿದಿದ್ದಳು, ಉಸಿರು ಬಿಗಿ ಹಿಡಿದು. ಪ್ಲಾಸ್ಟಿಕ್ ಚಿಮಟದಲ್ಲಿ ಮೊದಲ ಸೆಲ್ ಎತ್ತಿದೆ. ಪರದೆ ಹಾಗೇ ಇತ್ತು. ಎರಡನೆಯದು ಎತ್ತಿದೆ. ಮರಿ ಆ ಕಡೆ ಈ ಕಡೆ ನಡೆಯುತ್ತಲೇ ಇತ್ತು. ಹೊಸ ಸೆಲ್ ಎರಡು ಕೂರಿಸಿ ಕ್ಲಿಪ್ ತೆಗೆದಾಗ ಚುಕ್ಕೆಗಳು ಕಡುಕಪ್ಪಾಗಿ ನಿಂತಿದ್ದವು. ಪುಟ್ಟಿ ಏನೂ ಹೇಳಲಿಲ್ಲ, ಬಟನ್ ಒತ್ತಿ ಅದಕ್ಕೆ ಊಟ ಹಾಕಿದಳು.

ಇದನ್ನು ಮಾಡಲು ಹೊರಡುವವರಿಗೆ ಒಂದು ಮಾತು. ಹೀಗೆ ಪಕ್ಕದಲ್ಲಿ ಸೆಲ್ ಜೋಡಿಸಿದಾಗ ಬಲವಾದ ಸೆಲ್ಲಿನಿಂದ ಸೋತ ಸೆಲ್ಲಿಗೆ ಕರೆಂಟ್ ನುಗ್ಗುತ್ತದೆ. ಎಲ್‌ಆರ್44 ಆಲ್ಕಲೈನ್, ಅದೂ ಚಾರ್ಜ್ ಮಾಡುವ ಜಾತಿಯದಲ್ಲ. ಎರಡು ಮೂರು ಸೆಕೆಂಡಿನಲ್ಲಿ ಹಳೆಯದನ್ನು ತೆಗೆದದ್ದರಿಂದ ತೊಂದರೆ ಆಗಲಿಲ್ಲ. ಆದರೆ ಸಿಆರ್2032 ಅನ್ನುವ ಬಟನ್ ಸೆಲ್ ಇರುವ ಆಟಿಕೆಗೆ ಹೀಗೆ ಮಾಡಲೇಬೇಡಿ. ಅದು ಲಿಥಿಯಂ, ಚಾರ್ಜ್ ಮಾಡುವ ಜಾತಿಯದಲ್ಲ, ಒಳಗೆ ಕರೆಂಟ್ ತಳ್ಳಿದರೆ ಬಿಸಿಯಾಗಿ ಬಿರಿಯಬಹುದು. ಅಲ್ಲಿ ಆ ಸೆಲ್ಲಿನೊಳಕ್ಕೆ ಕರೆಂಟ್ ನುಗ್ಗದ ಹಾಗೆ ತಡೆಯುವ ಒಂದು ಡಯೋಡ್, ಅಂದರೆ ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಬಿಡಿಭಾಗ, ಬೇಕೇ ಬೇಕು.

ಈಗ ಅಣ್ಣನ ಕತೆ. ತೊಂಬತ್ತರ ದಶಕದ ಕೊನೆ. ನಮ್ಮ ಸೋದರಮಾವ ಬೆಂಗಳೂರಿಗೆ ಹೋದವರು ಮೆಜೆಸ್ಟಿಕ್ ಹತ್ತಿರ ಫುಟ್‌ಪಾತಿನಲ್ಲಿ ಇಂಥದ್ದೇ ಒಂದನ್ನು ಕೊಂಡು ತಂದು ಅಣ್ಣನಿಗೆ ಕೊಟ್ಟಿದ್ದರು. ಅವನು ಅದನ್ನು ಜ್ವರ ಬಂದ ಮಗುವನ್ನು ನೋಡಿಕೊಳ್ಳುವ ಹಾಗೆ ನೋಡಿಕೊಂಡ. ಶಾಲೆಗೆ ಹೋಗುವಾಗ ಅಮ್ಮನ ಕೈಯಲ್ಲಿ ಕೊಟ್ಟು ಹೋಗುತ್ತಿದ್ದ. ನನಗೆ ಒಳಗಿರುವ ಮರಿಗಿಂತ ಅದು ಒಳಗೆ ಹೇಗಿದೆ ಅನ್ನುವುದೇ ಯೋಚನೆ. ಒಂದು ಸಂಜೆ ಅವನು ಟ್ಯೂಷನ್ನಿಗೆ ಹೋದಾಗ ಬಿಚ್ಚಿದೆ.

ಸೆಲ್ ಹೋಯಿತು, ಮರಿ ಹೋಯಿತು. ಅಲ್ಲಿಗೇ ನಿಲ್ಲಿಸಲಿಲ್ಲ. ಒಳಗಿನ ಹಸಿರು ಬೋರ್ಡನ್ನು ಹಿಡಿದಿದ್ದ ಸ್ಕ್ರೂಗಳನ್ನೂ ತೆಗೆದೆ. ಬೋರ್ಡ್ ಎತ್ತಿದ ಕೂಡಲೇ ಪರದೆಯ ಗಾಜು ಒಂದು ಕಡೆ ಜಾರಿತು, ಅದರ ಜೊತೆ ತೆಳ್ಳನೆಯ ರಬ್ಬರ್ ಪಟ್ಟಿಯೊಂದು ನೆಲಕ್ಕೆ ಬಿತ್ತು. ಇದೇನೋ ಗಾಜು ಅಲ್ಲಾಡದಿರಲಿ ಅಂತ ಇಟ್ಟಿರುವ ರಬ್ಬರ್ ಅಂದುಕೊಂಡೆ. ಹೇಗೋ ತುರುಕಿ ಮುಚ್ಚಿದೆ. ಸೆಲ್ ಹಾಕಿದಾಗ ಬೀಪ್ ಅಂದಿತು, ಆದರೆ ಪರದೆಯಲ್ಲಿ ಅರ್ಧ ಮೊಟ್ಟೆ, ಉಳಿದ ಅರ್ಧದಲ್ಲಿ ಏನೂ ಇಲ್ಲ.

ಆ ರಬ್ಬರ್ ಪಟ್ಟಿ ಏನು ಅಂತ ತಿಳಿದದ್ದು ಡಿಪ್ಲೊಮಾ ಓದುವಾಗ. ಅದಕ್ಕೆ ಜೀಬ್ರಾ ಪಟ್ಟಿ ಅನ್ನುತ್ತಾರೆ. ಕಣ್ಣ ಹತ್ತಿರ ಹಿಡಿದು ನೋಡಿದರೆ ಕೂದಲೆಳೆಯಷ್ಟು ಸಣ್ಣ ಕಪ್ಪು ಬಿಳಿ ಗೆರೆಗಳು ಸಾಲಾಗಿ ಕಾಣುತ್ತವೆ. ಕಪ್ಪು ಗೆರೆಯಲ್ಲಿ ಇಂಗಾಲ ಇದೆ, ಅದು ಕರೆಂಟ್ ಹರಿಸುತ್ತದೆ. ಬಿಳಿ ಗೆರೆ ಹರಿಸುವುದಿಲ್ಲ. ಬೋರ್ಡಿನ ಒಂದೊಂದು ಚಿನ್ನದ ಬಣ್ಣದ ಗೆರೆಯಿಂದ ಗಾಜಿನ ಅಂಚಿನ ಕಾಣದ ಗೆರೆಗೆ ಸುದ್ದಿ ಮುಟ್ಟಿಸುವುದೇ ಆ ಪಟ್ಟಿ. ಬೆಸುಗೆ ಇಲ್ಲ, ತಂತಿ ಇಲ್ಲ, ಸುಮ್ನೆ ಒತ್ತಿ ಹಿಡಿದಿರುವುದು. ಒಂದು ಬೆರಳಿನ ಜಿಡ್ಡು ತಾಗಿದರೂ ಸಾಕು, ಒಂದು ಸಾಲು ಚುಕ್ಕೆ ಮಾಯ. ಸ್ವಲ್ಪ ಓರೆಯಾದರೆ ಅರ್ಧ ಪರದೆ ಮಾಯ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ನೇರ ಕೂರಿಸಿ ಎಲ್ಲ ಸ್ಕ್ರೂಗಳನ್ನು ಸಮನಾಗಿ ಬಿಗಿ ಮಾಡಿದ್ದರೆ ಅಣ್ಣನ ಆಟಿಕೆ ಅವತ್ತೇ ಸರಿಯಾಗುತ್ತಿತ್ತು. ಅವನು ಬೈಯಲಿಲ್ಲ. ಎಷ್ಟೋ ದಿನ ಅರ್ಧ ಪರದೆಯ ಮೊಟ್ಟೆಯ ಬಟನ್ನುಗಳನ್ನು ಒತ್ತಿ ನೋಡುತ್ತಿದ್ದ. ನನಗೆ ಅದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಈ ಕೆಲಸದಲ್ಲಿ ಅಪಾಯ ಅಂದರೆ ನನಗೆ ಮೊದಲು ನೆನಪಾಗುವುದು ಶಾಕ್ ಅಲ್ಲ, ಸುಟ್ಟ ಬೆರಳಲ್ಲ. ಇನ್ನೊಬ್ಬರ ಮರಿಯನ್ನು ಕೇಳದೆ ಬಿಚ್ಚಿದ್ದು.

ಇವುಗಳ ಮೂಲ ಜಪಾನ್. ಬಂದೈ ಕಂಪನಿ 1996ರ ನವೆಂಬರ್ 23ರಂದು ತಮಾಗೋಚಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಬಂದೈನಲ್ಲಿದ್ದ ಅಕಿ ಮೈತಾ ಮತ್ತು ವಿಜ್ ಅನ್ನುವ ಸಂಸ್ಥೆಯ ಅಕಿಹಿರೊ ಯೊಕೊಯ್ ಇದರ ಹಿಂದಿದ್ದವರು. ತಮಾಗೊ ಅಂದರೆ ಜಪಾನಿ ಭಾಷೆಯಲ್ಲಿ ಮೊಟ್ಟೆ, ಅದಕ್ಕೆ ವಾಚ್ ಅನ್ನುವ ಇಂಗ್ಲಿಷ್ ಪದದ ಜಪಾನಿ ಉಚ್ಚಾರ ಸೇರಿಸಿ ಹೆಸರು ಕಟ್ಟಿದರು. ಮುಂದಿನ ವರ್ಷವೇ ಅಮೆರಿಕ, ಯುರೋಪ್ ಎಲ್ಲ ಕಡೆ ಹೋಯಿತು. ಇದುವರೆಗೆ 9 ಕೋಟಿಗೂ ಜಾಸ್ತಿ ಮಾರಾಟವಾಗಿವೆ. ನಮ್ಮ ಊರುಗಳಿಗೆ ಬಂದದ್ದು ಹೆಚ್ಚಾಗಿ ಅದರ ನಕಲುಗಳು. ಆದರೂ ಅಸಲಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು ಅಂತ ನನಗೆ ಬಹಳ ವರ್ಷದಿಂದ ಆಸೆ ಇತ್ತು.

ಎರಡು ವರ್ಷದ ಹಿಂದೆ ಆ ಆಸೆ ತೀರಿತು. ಡಿಪ್ಲೊಮಾದಲ್ಲಿ ಜೊತೆಗಿದ್ದ ಗೆಳತಿಯೊಬ್ಬಳು ಈಗ ಜಪಾನಿನ ಓಸಾಕದಲ್ಲಿದ್ದಾಳೆ. ಅಲ್ಲಿ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ 'ಜಂಕ್' ಅಂತ ಚೀಟಿ ಅಂಟಿಸಿದ ಬುಟ್ಟಿಗಳಿರುತ್ತವೆ. ಪರೀಕ್ಷೆ ಮಾಡಿಲ್ಲ, ವಾಪಸ್ ಇಲ್ಲ, ಕೆಟ್ಟಿದ್ದರೆ ನಿಮ್ಮ ಹಣೆಬರಹ ಅಂತ ಅರ್ಥ. ಅಂಥ ಬುಟ್ಟಿಯಿಂದ ಒಂದು ಹಳೆಯ ತಮಾಗೋಚಿ ಹೆಕ್ಕಿ, ಊರಿಗೆ ಬಂದಾಗ ಹಿಟ್ಟಿನ ಡಬ್ಬಿಯಷ್ಟು ಜೋಪಾನವಾಗಿ ಸುತ್ತಿ ತಂದಳು. ಬಿಳಿ ಮೊಟ್ಟೆ, ಬಿಸಿಲಿಗೆ ಹಳದಿಯಾಗಿತ್ತು.

ಸೆಲ್ ಮುಚ್ಚಳ ತೆಗೆದರೆ ಒಳಗೆಲ್ಲ ಹಸಿರು ಕಿಲುಬು. ಹಳೆ ಸೆಲ್ ಅಲ್ಲೇ ಉಳಿದು ಸೋರಿ ತಗಡನ್ನು ತಿಂದಿತ್ತು. ಆಲ್ಕಲೈನ್ ಸೆಲ್ಲಿನಿಂದ ಸೋರುವುದು ಕ್ಷಾರ, ಚರ್ಮಕ್ಕೆ ಕಣ್ಣಿಗೆ ಒಳ್ಳೆಯದಲ್ಲ, ಕೈಗವಸು ಹಾಕಿಕೊಂಡೇ ಮುಟ್ಟಬೇಕು. ಕ್ಷಾರಕ್ಕೆ ಹುಳಿಯೇ ಮದ್ದು. ಹಿತ್ತಾಳೆ ಚೊಂಬಿಗೆ ಅಮ್ಮ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ ಹಾಗೆಯೇ ಇದು, ಆದರೆ ಇಲ್ಲಿ ಹತ್ತಿಕಡ್ಡಿಯ ತುದಿಗೆ ಒಂದೇ ಒಂದು ಹನಿ ಬಿಳಿ ವಿನೆಗರ್. ಬುರುಬುರು ಅಂತ ಸಣ್ಣ ನೊರೆ ಏಳುತ್ತದೆ. ನೊರೆ ನಿಂತ ಮೇಲೆ ಒರೆಸಿ, ಆಲ್ಕೋಹಾಲಿನಲ್ಲಿ ಇನ್ನೊಮ್ಮೆ ಒರೆಸಿ, ಒಂದು ದಿನ ಒಣಗಲು ಬಿಡಬೇಕು. ಒಂದು ಸ್ಪ್ರಿಂಗ್ ಪೂರ್ತಿ ತುಕ್ಕು ಹಿಡಿದು ಕೈಗೇ ಮುರಿದು ಬಂತು. ಎಸ್‌ಪಿ ರೋಡಿನಲ್ಲಿ, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಬೀದಿಯಲ್ಲಿ, ಹುಡುಕಿ ಅದೇ ಅಳತೆಯದೊಂದು ತಂದು ಸೋಲ್ಡರ್ ಮಾಡಿದೆ. ಐರನ್ನಿನ ತುದಿ ಪ್ಲಾಸ್ಟಿಕ್ ಅಂಚಿಗೆ ಒಂದು ಕಡೆ ತಾಗಿ ಸಣ್ಣ ಗುಳಿ ಬಿತ್ತು. ಅದು ಈಗಲೂ ಇದೆ.

ಪರದೆ ಮಾತ್ರ ಕೊಳೆತ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಕಲೆ ಕಲೆ. ಎಲ್‌ಸಿಡಿ ಗಾಜಿನ ಮೇಲೊಂದು ಕೆಳಗೊಂದು ಪೋಲರೈಸರ್ ಹಾಳೆ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ, ಅಂಟಿಸಿರುತ್ತಾರೆ, ಅದು ಹಳತಾದರೆ ಕೆಡುತ್ತದೆ. ಮೂಗಿನ ಹತ್ತಿರ ಹಿಡಿದರೆ ವಿನೆಗರ್ ವಾಸನೆ. ಮೇಲಿನ ಹಾಳೆಯನ್ನು ಬ್ಲೇಡಿನಿಂದ ಒಂದು ಮೂಲೆ ಎಬ್ಬಿಸಿ ನಿಧಾನ, ತೀರಾ ನಿಧಾನ ಸುಲಿಯಬೇಕು. ಗಾಜು ಹಪ್ಪಳದಷ್ಟು ತೆಳ್ಳಗಿರುತ್ತದೆ, ಅವಸರ ಮಾಡಿದರೆ ಟಿಕ್ ಅಂತ ಒಂದು ಸದ್ದು ಕೇಳುತ್ತದೆ ಅಷ್ಟೇ. ನಾನು ಅದಕ್ಕೆ ಒಂದೂವರೆ ಗಂಟೆ ತೆಗೆದುಕೊಂಡೆ. ಹೊಸ ಹಾಳೆ ಕತ್ತರಿಸಿ ಮೇಲಿಟ್ಟಾಗ ಪರದೆ ಪೂರ್ತಿ ಕಪ್ಪಾಯಿತು, ಮೊಟ್ಟೆ ಬೆಳ್ಳಗೆ ಕಂಡಿತು. ಹಾಳೆಯನ್ನು ಕಾಲು ಸುತ್ತು ತಿರುಗಿಸಿದೆ. ಹಿನ್ನೆಲೆ ತಿಳಿಯಾಯಿತು, ಮೊಟ್ಟೆ ಕಪ್ಪಗೆ ಮೂಡಿತು. ಪುಸ್ತಕದಲ್ಲಿ ಬೆಳಕಿನ ಧ್ರುವೀಕರಣ ಅಂತ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಅದು ನನಗೆ ನಿಜವಾಗಿ ಅರ್ಥವಾದದ್ದು ಆ ರಾತ್ರಿ, ಬೆರಳ ತುದಿಯಲ್ಲಿ ಹಾಳೆ ತಿರುಗಿಸುವಾಗ.

ಐದು ನಿಮಿಷದಲ್ಲಿ ಮೊಟ್ಟೆ ಒಡೆದು ಮರಿ ಬಂತು. ಇಪ್ಪತ್ತೈದು ವರ್ಷಕ್ಕೂ ಹಿಂದೆ ಮಾಡಿದ ಎಲೆಕ್ಟ್ರಾನಿಕ್ ಚಿಪ್, ಜಂಕ್ ಬುಟ್ಟಿಯಲ್ಲಿ ಬಿದ್ದಿದ್ದು, ಏನೂ ಆಗಿಲ್ಲ ಅನ್ನುವ ಹಾಗೆ ಊಟ ಕೇಳಿತು.

ಆ ಚಿಪ್ಪಿನ ಬಗ್ಗೆ ಹೇಳದೆ ಇರಲಾರೆ. ಮೊದಲ ತಮಾಗೋಚಿಯೊಳಗೆ ಇರುವುದು ಎಪ್ಸನ್ ಕಂಪನಿಯ 4 ಬಿಟ್ ಮೈಕ್ರೊಕಂಟ್ರೋಲರ್, ಅಂದರೆ ಒಂದೇ ಚಿಪ್ಪಿನಲ್ಲಿ ಹಿಡಿಸಿದ ಪುಟ್ಟ ಕಂಪ್ಯೂಟರ್. ಅದರ ಗಡಿಯಾರ ಸೆಕೆಂಡಿಗೆ 32,768 ಸಲ ಮಿಡಿಯುವ ಕ್ವಾರ್ಟ್ಜ್ ಹರಳು, ಕೈಗಡಿಯಾರದಲ್ಲಿ ಇರುವಂಥದ್ದೇ. ಆ ವಿಚಿತ್ರ ಸಂಖ್ಯೆ ಯಾಕೆ ಅಂದರೆ, ಅದನ್ನು ಹದಿನೈದು ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ 1 ಬರುತ್ತದೆ, ಅಂದರೆ ಒಂದು ಸೆಕೆಂಡ್. ಪರದೆ 32 ಅಡ್ಡ 16 ಉದ್ದ, ಒಟ್ಟು 512 ಚುಕ್ಕೆ. ಚಿಪ್ಪಿನ ನೆನಪು, ಅಂದರೆ ರ‍್ಯಾಮ್, 640 ಅರ್ಧ ಬೈಟ್, ಪೂರ್ತಿ ಲೆಕ್ಕ ಹಾಕಿದರೆ 320 ಬೈಟ್. ಕಂಪ್ಯೂಟರಿನಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಕೊಂಬು ದೀರ್ಘಕ್ಕೂ ಸಾಮಾನ್ಯವಾಗಿ 3 ಬೈಟ್ ಬೇಕು. ಹಾಗಾದರೆ ಒಂದು ಮಧ್ಯಮ ಗಾತ್ರದ ಕನ್ನಡ ವಾಕ್ಯ ಹಿಡಿಸುವಷ್ಟು ಜಾಗದಲ್ಲಿ ಆ ಮರಿಯ ಹಸಿವು, ಖುಷಿ, ತೂಕ, ವಯಸ್ಸು, ಕಾಯಿಲೆ ಎಲ್ಲ ಇದೆ. ಅಷ್ಟರಲ್ಲೇ ಲಕ್ಷಾಂತರ ಮಕ್ಕಳು ಶಾಲೆಯ ಡೆಸ್ಕಿನ ಕೆಳಗೆ ಕದ್ದು ಊಟ ಹಾಕಿದರು. ಇದು ತಿಳಿದ ಮೇಲೆ ಆಟಿಕೆ ಸಣ್ಣದಾಯಿತು ಅಂತ ನನಗೆ ಅನ್ನಿಸಲಿಲ್ಲ. ಅದನ್ನು ಮಾಡಿದವರ ಮೇಲೆ ಗೌರವ ಜಾಸ್ತಿಯಾಯಿತು.

ಒಳಗೆ ನೋಡುವ ಹಟ ನನ್ನೊಬ್ಬಳದಲ್ಲ. ನಟಾಲಿ ಸಿಲ್ವನೊವಿಚ್ ಅನ್ನುವ ಸೆಕ್ಯುರಿಟಿ ಸಂಶೋಧಕಿ 2012ರ ಡಿಸೆಂಬರಿನಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ನಡೆದ ಹ್ಯಾಕರುಗಳ ಸಮ್ಮೇಳನದಲ್ಲಿ ತಮಾಗೋಚಿ ಬಿಚ್ಚಿದ ಅನುಭವ ಹೇಳಿದರು. ಮುಂದಿನ ವರ್ಷ ಮತ್ತೆ ಬಂದು ಅದರ ಪ್ರೋಗ್ರಾಮನ್ನೇ ಹೊರಗೆ ತೆಗೆದದ್ದನ್ನು ವಿವರಿಸಿದರು. ಅವರು ತೆಗೆದುಕೊಂಡದ್ದು ತಲೆಯ ಮೇಲೆ ಪುಟ್ಟ ಬೊಂಬೆ ಸಿಕ್ಕಿಸುವ ಒಂದು ಮಾದರಿ. ಆ ಬೊಂಬೆಯೊಳಗೆ ಹೆಚ್ಚಿನ ಆಟಗಳಿರುವ ಸಣ್ಣ ಮೆಮೊರಿ ಇತ್ತು. ಬೊಂಬೆಯ ಜಾಗದಲ್ಲಿ ತಾವೇ ಮಾಡಿದ ಸರ್ಕ್ಯೂಟ್ ಸಿಕ್ಕಿಸಿ, ಆಟಿಕೆ ಅದನ್ನು ನಂಬಿ ಓದುವಾಗ ತಮ್ಮ ಕೋಡ್ ಓಡಿಸಿದರು. ಒಳಗಿದ್ದ ಚಿಪ್ ಹಳೆಯ ಆಪಲ್ 2 ಕಂಪ್ಯೂಟರಿನಲ್ಲಿದ್ದ 6502 ಅನ್ನುವ ಪ್ರೊಸೆಸರಿನ ವಂಶದ್ದು. ಇದಕ್ಕೆ ಬಹಳ ಆಟಿಕೆಗಳು ಬಲಿಯಾದವು ಅನ್ನುವುದನ್ನು ಅವರು ಮುಚ್ಚಿಡಲಿಲ್ಲ, ತಮ್ಮ ಭಾಷಣದ ಹೆಸರಲ್ಲೇ ಅದನ್ನು ಹೇಳಿದರು. ಆ ಪ್ರಾಮಾಣಿಕತೆ ನನಗೆ ಇಷ್ಟ. ಇವತ್ತು ಮೊದಲ ತಮಾಗೋಚಿಯ ಚಿಪ್ಪನ್ನು ಅನುಕರಿಸುವ ಪ್ರೋಗ್ರಾಮುಗಳೂ ಇವೆ, ನಾವೇ ಪ್ರೋಗ್ರಾಮ್ ಬರೆದು ಹಾಕಬಹುದಾದ ಸಣ್ಣ ಆರ್ಡುಯಿನೊ ಬೋರ್ಡಿನಲ್ಲೂ ಓಡುತ್ತವೆ. ಆದರೆ ಒಳಗಿನ ಮೂಲ ಪ್ರೋಗ್ರಾಮ್ ಕಂಪನಿಯದ್ದು, ಅದನ್ನು ಹಂಚುತ್ತಾ ಕೂರುವುದು ಸರಿ ಅಂತ ನನಗನ್ನಿಸುವುದಿಲ್ಲ.

ಇನ್ನೊಂದು ದಾರಿ ಇದೆ, ಪೆನ್ಸಿಲ್ ದಾರಿ. 2004ರ ನಂತರದ ಕೆಲವು ತಮಾಗೋಚಿಗಳ ಬೋರ್ಡಿನಲ್ಲಿ ಎರಡು ಪುಟ್ಟ ತಗಡಿನ ಚುಕ್ಕೆಗಳನ್ನು ಖಾಲಿ ಬಿಟ್ಟಿರುತ್ತಾರೆ. ಅವುಗಳ ನಡುವೆ ಪೆನ್ಸಿಲ್ಲಿನಿಂದ ದಪ್ಪಗೆ ಗೆರೆ ಎಳೆದರೆ ಅದರ ಗ್ರಾಫೈಟ್ ಕರೆಂಟ್ ಹರಿಸಿ, ಕಾರ್ಖಾನೆಯವರು ಪರೀಕ್ಷೆಗೆ ಇಟ್ಟುಕೊಂಡಿದ್ದ ಡಿಬಗ್ ಮೋಡ್ ತೆರೆಯುತ್ತದೆ. ಹೊತ್ತನ್ನು ಮುಂದೆ ಓಡಿಸಬಹುದು. ಬೇಡವಾದಾಗ ರಬ್ಬರಿನಲ್ಲಿ ಅಳಿಸಿದರೆ ಆಯಿತು. ತಪ್ಪು ಜಾಗದಲ್ಲಿ ಎಳೆದರೆ ಆಟಿಕೆ ಹುಚ್ಚುಹುಚ್ಚಾಗಿ ಆಡುತ್ತದೆ, ಪುಡಿ ಅಕ್ಕಪಕ್ಕ ಉದುರಿದರೂ ಅಷ್ಟೇ.

ಪುಟ್ಟಿ ಇದನ್ನೆಲ್ಲ ಕೇಳಿ, "ನಮ್ದೇ ಒಂದು ಮಾಡಕ್ಕಾಗಲ್ವಾ ಅತ್ತೆ?" ಅಂದಳು. ಆಗುತ್ತೆ ಪುಟ್ಟಿ ಅಂದೆ. ನನ್ನ ಹತ್ತಿರ ಒಂದು ಆರ್ಡುಯಿನೊ ನ್ಯಾನೊ ಬೋರ್ಡ್, ಹೆಬ್ಬೆರಳಿನಷ್ಟು ಅಗಲದ ಓಎಲ್‌ಇಡಿ ಪರದೆ, ಮೂರು ಬಟನ್, ಒಂದು ಬಜರ್ ಇದ್ದವು. ಯಾವ ಪ್ರಾಣಿ ಬೇಕು ಅಂತ ಕೇಳಿದೆ. ಅವರ ಮನೆಯ ಸೀಬೆಮರಕ್ಕೆ ಬರುವ ಅಳಿಲು ಅಂದಳು. ಗಣಿತದ ಚೌಕುಳಿ ಪುಸ್ತಕದಲ್ಲಿ 16ಕ್ಕೆ 16 ಚೌಕ ಗುರುತು ಹಾಕಿಕೊಟ್ಟೆ. ಒಂದು ಇಡೀ ಬೆಳಿಗ್ಗೆ ಕೂತು ಚೌಕ ತುಂಬಿದಳು. ಬಾಲಕ್ಕೇ ಅರ್ಧ ಜಾಗ ಹೋಗಿ, ಮುಖಕ್ಕೆ ಆರು ಚೌಕ ಉಳಿಯಿತು. ಅಳಿಸಿದಳು, ಮತ್ತೆ ತುಂಬಿದಳು. ಕಣ್ಣಿಗೆ ಒಂದೇ ಚೌಕ ಸಾಕು ಅಂತ ಅವಳೇ ಕಂಡುಕೊಂಡಳು, ಆ ಚೌಕವನ್ನು ಬಿಳಿ ಬಿಟ್ಟರೆ ಎಚ್ಚರ, ತುಂಬಿದರೆ ನಿದ್ದೆ. ತುಂಬಿದ ಚೌಕ 1, ಖಾಲಿ ಚೌಕ 0 ಅಂತ ನಾನು ಸಾಲು ಸಾಲಾಗಿ ಟೈಪ್ ಮಾಡುತ್ತಾ ಹೋದೆ, ಅವಳು ಓದಿ ಹೇಳುತ್ತಾ ಹೋದಳು. ಪರದೆಯ ಮೇಲೆ ಅವಳ ಅಳಿಲು ಎದ್ದು ನಿಂತಾಗ ಅವಳು ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಾಗಿಲು ತೆರೆದರು.

ನಿಯಮಗಳೂ ಅವಳವೇ. ಸತ್ತರೆ ಏನಾಗಬೇಕು ಅಂತ ಕೇಳಿದೆ. ಜಪಾನಿನ ಮೊದಲ ತಮಾಗೋಚಿಯಲ್ಲಿ ಸಮಾಧಿಯ ಕಲ್ಲು, ಪಕ್ಕದಲ್ಲಿ ದೆವ್ವ ತೋರಿಸುತ್ತಿದ್ದರು, ಇಂಗ್ಲಿಷ್ ಮಾದರಿಯಲ್ಲಿ ಅದನ್ನು ತೆಗೆದು ರೆಕ್ಕೆಯ ದೇವದೂತನನ್ನು ಹಾಕಿದರು ಅಂತ ಹೇಳಿದೆ. ಬಹಳ ಹೊತ್ತು ಯೋಚಿಸಿ, "ಮರ ಹತ್ಕೊಂಡು ಹೋಗ್ಬಿಡ್ಲಿ. ಮೇಲೆ ಎಲೆ ಕಾಣ್ತಾ ಇರ್ಲಿ, ಅವನು ಕಾಣೋದ್ ಬೇಡ" ಅಂದಳು. ಹಾಗೇ ಬರೆದೆವು.

ಪರೀಕ್ಷೆ ಮಾಡಲು ನಾನು ಹೊತ್ತನ್ನು ನೂರು ಪಟ್ಟು ಜೋರು ಮಾಡಿದೆ. ಕೋಡಿನಲ್ಲಿ 60000 ಇದ್ದ ಜಾಗದಲ್ಲಿ 600 ಅಂತ ಬರೆದರೆ ಮುಗಿಯಿತು. ಅಳಿಲು ಅವಳ ಕಣ್ಣೆದುರೇ ದೊಡ್ಡದಾಯಿತು, ಹಸಿದು ಕೂಗಿತು, ಅವಳು ಬಟನ್ ಒತ್ತುವಷ್ಟರಲ್ಲಿ ಮತ್ತೆ ಹಸಿಯಿತು, ಮರ ಹತ್ತಿ ಹೋಯಿತು. ಎಲೆ ಮಾತ್ರ ಅಲ್ಲಾಡುತ್ತಿತ್ತು. "ಅತ್ತೆ, ನಾನು ಊಟ ಹಾಕೋದ್ರೊಳಗೇ ಮುದುಕ ಆಗ್ಬಿಟ್ಟ" ಅಂದಳು. ದನಿ ಸಣ್ಣಗಾಗಿತ್ತು. ಅದು ಬರೀ ಪರೀಕ್ಷೆ ಅಂತ ಮೊದಲೇ ಹೇಳಬೇಕಿತ್ತು ನಾನು, ಹೇಳಿರಲಿಲ್ಲ. ತಕ್ಷಣ 60000 ಮಾಡಿದೆ.

ಮಾರನೇ ದಿನ ಅವಳೇ ಕೇಳಿದಳು, ಹಸಿವೇ ಆಗದ ಹಾಗೆ ಮಾಡಕ್ಕಾಗುತ್ತಾ ಅಂತ. ಆಗುತ್ತೆ, ಒಂದು ಸಾಲು ಅಳಿಸಿದರೆ ಸಾಕು. ಅಳಿಸಿಕೊಟ್ಟೆ. ಅವತ್ತು ಪೂರ್ತಿ ಅದನ್ನು ಹಿಡಿದುಕೊಂಡಿದ್ದಳು. ಎರಡನೇ ದಿನ ಮೇಜಿನ ಮೇಲಿತ್ತು. ಮೂರನೇ ದಿನ ಅದರ ಮೇಲೆ ನ್ಯೂಸ್‌ಪೇಪರ್ ಬಿದ್ದಿತ್ತು, ಯಾರೂ ಎತ್ತಿರಲಿಲ್ಲ. ಕೊರಳಿನ ನೇರಳೆ ಮೊಟ್ಟೆ ಬೀಪ್ ಅಂದಾಗ ಮಾತ್ರ ಸ್ನಾನದ ಮನೆಯಿಂದಲೂ ಓಡಿ ಬರುತ್ತಿದ್ದಳು. ನಾಲ್ಕನೇ ದಿನ ತಾನಾಗಿ ಬಂದು, "ಆ ಸಾಲು ವಾಪಸ್ ಹಾಕು ಅತ್ತೆ" ಅಂದಳು. ಯಾಕೆ ಅಂತ ನಾನು ಕೇಳಲಿಲ್ಲ.

ನಮ್ಮ ಅಳಿಲಿಗೆ ಒಂದು ದೊಡ್ಡ ಕೊರತೆ ಇತ್ತು. ಮೂರು ಪೆನ್ಸಿಲ್ ಸೆಲ್ಲನ್ನು ಎರಡು ದಿನದಲ್ಲಿ ತಿಂದು ಮುಗಿಸುತ್ತಿತ್ತು. ಎರಡು ಬಟನ್ ಸೆಲ್ಲಿನಲ್ಲಿ ವಾರಗಟ್ಟಲೆ ಬದುಕುವ ಆ ಪುಟ್ಟ ಚಿಪ್ಪಿನ ಮುಂದೆ ನಮ್ಮ ಬೋರ್ಡ್ ಏನೂ ಅಲ್ಲ. ಬಳಸದಾಗ ಪರದೆ ಆರಿಸಿ ಬೋರ್ಡನ್ನು ಮಲಗಿಸುವುದನ್ನು ಇನ್ನೂ ಕಲಿಯುತ್ತಿದ್ದೇನೆ. ಆದರೆ ಒಂದು ವಿಷಯದಲ್ಲಿ ನಮ್ಮದೇ ಮೇಲು, ಸೆಲ್ ತೆಗೆದರೂ ಅಳಿಲು ಹೋಗುವುದಿಲ್ಲ. ಬೋರ್ಡಿನೊಳಗೆ 1024 ಬೈಟಿನ ಈಈಪ್ರಾಮ್ ಇದೆ, ಕರೆಂಟ್ ಇಲ್ಲದಿದ್ದರೂ ಬರೆದದ್ದು ಉಳಿಯುತ್ತದೆ. ಮೊದಲು ನಿಮಿಷಕ್ಕೊಮ್ಮೆ ಬರೆಯುವ ಹಾಗೆ ಮಾಡಿದ್ದೆ. ಆಮೇಲೆ ಲೆಕ್ಕ ಹಾಕಿದರೆ, ಅದರ ಒಂದು ಜಾಗದಲ್ಲಿ ಸುಮಾರು 1 ಲಕ್ಷ ಸಲ ಬರೆಯಬಹುದು ಅಂತ ಚಿಪ್ ಮಾಡುವವರು ಭರವಸೆ ಕೊಡುತ್ತಾರೆ, ದಿನಕ್ಕೆ 1440 ಸಲ ಅಂದರೆ 69 ದಿನಕ್ಕೆ ಮುಗಿಯಿತು. ಅರ್ಧ ಗಂಟೆಗೊಮ್ಮೆ ಮಾಡಿದೆ, ಈಗ ಐದು ವರ್ಷ ದಾಟುತ್ತದೆ.

ಮಕ್ಕಳ ಜೊತೆ ಇದನ್ನು ಮಾಡುವವರಿಗೆ ಒಂದೇ ಒಂದು ಮಾತನ್ನು ನಾನು ಕೈಮುಗಿದು ಹೇಳುತ್ತೇನೆ. ಬಟನ್ ಸೆಲ್ ಮೇಜಿನ ಮೇಲೆ ಬಿಡಬೇಡಿ. ಮಗು ನುಂಗಿದರೆ ಅದು ಗಂಟಲಿನ ಕೆಳಗೆ ಅನ್ನನಾಳದಲ್ಲಿ ಸಿಕ್ಕಿಕೊಂಡು, ಒದ್ದೆ ಮಾಂಸದ ಮೂಲಕ ಕರೆಂಟ್ ಹರಿದು, ಎರಡೇ ಗಂಟೆಯಲ್ಲಿ ಸುಡಬಹುದು. 20 ಮಿಲಿಮೀಟರ್ ಅಗಲದ ಸಿಆರ್2032 ಎಲ್ಲಕ್ಕಿಂತ ಅಪಾಯ. ಸೋತ ಸೆಲ್ಲಿನಲ್ಲೂ ಸುಡುವಷ್ಟು ಶಕ್ತಿ ಉಳಿದಿರುತ್ತದೆ. ನುಂಗಿರಬಹುದು ಅನ್ನುವ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಿ. ನಾನು ಹಳೆ ಸೆಲ್ಲಿನ ಎರಡೂ ಕಡೆ ಟೇಪ್ ಸುತ್ತಿ, ಮೇಲಿನ ಅಟ್ಟದ ಡಬ್ಬಿಯಲ್ಲಿ ಹಾಕಿಟ್ಟು ಇ-ತ್ಯಾಜ್ಯಕ್ಕೆ ಕೊಡುತ್ತೇನೆ. ಸೆಲ್ ಮುಚ್ಚಳದ ಸ್ಕ್ರೂ ಕಳೆದುಹೋದರೆ ಆ ಆಟಿಕೆಯನ್ನು ಮಗುವಿನ ಕೈಗೆ ವಾಪಸ್ ಕೊಡುವುದಿಲ್ಲ. ಮತ್ತೆ, ವೈಫೈ ಇರುವ, ಚಾರ್ಜ್ ಮಾಡುವ ಹೊಸ ಮಾದರಿಗಳಲ್ಲಿ ಲಿಥಿಯಂ ಅಯಾನ್ ಬ್ಯಾಟರಿ ಇರುತ್ತದೆ. ಅವುಗಳ ಬೆನ್ನಿಗೆ ಲೋಹದ ತುದಿ ಹಾಕಿ ಎಬ್ಬಿಸಬೇಡಿ.

ಪುಟ್ಟಿ ಊರಿಗೆ ಹೊರಟಾಗ ಅಳಿಲನ್ನು ಖಾಲಿ ಸೋಪಿನ ಡಬ್ಬಿಯಲ್ಲಿ ಕೂರಿಸಿ, ಪರದೆಯಷ್ಟು ಜಾಗ ಕತ್ತರಿಸಿ, ಪವರ್ ಬ್ಯಾಂಕ್ ಜೊತೆ ಕೊಟ್ಟೆ. ಮೊನ್ನೆ ರಾತ್ರಿ ಅಣ್ಣ ಫೋನ್ ಮಾಡಿದ್ದ. "ಏನೇ ಇದು, ನಡುರಾತ್ರೀಲಿ ಕೂಗ್ತು, ಅವಳು ನಿದ್ದೇಲಿದ್ಲು, ನಾನೇ ಎದ್ದು ಊಟ ಹಾಕ್ದೆ" ಅಂದ. ಯಾವ ಬಟನ್ ಅಂತ ಗೊತ್ತಾಯ್ತಾ ಅಂದೆ. "ಎಡಗಡೇದು, ಅಲ್ವಾ? ಹಳೇದರಲ್ಲೂ ಅದೇ ಇತ್ತಲ್ಲ" ಅಂದ.

ನನ್ನ ಮೇಜಿನ ಮೇಲೆ ಓಸಾಕದ ಬಿಳಿ ಮೊಟ್ಟೆ ಇದೆ. ಬಲಗಡೆಯ ಬಟನ್ ಗಟ್ಟಿಯಾಗಿ ಒತ್ತಿದರೆ ಮಾತ್ರ ಕೇಳಿಸಿಕೊಳ್ಳುತ್ತದೆ. ರಬ್ಬರಿನ ಕೆಳಗಿನ ಇಂಗಾಲದ ಬೊಟ್ಟು ಸವೆದಿರಬೇಕು. ಭಾನುವಾರ ಬಿಚ್ಚುತ್ತೇನೆ, ಅಷ್ಟರೊಳಗೆ ಒಳಗಿನವನಿಗೆ ಹೊಸ ಸೆಲ್ಲೂ ಬೇಕಾಗುತ್ತದೆ, ಪೆನ್ಸಿಲ್ ಸೆಲ್ಲಿನ ಹೋಲ್ಡರ್ ಈಗಲೇ ತೆಗೆದಿಟ್ಟಿದ್ದೇನೆ.